ಎತ್ತರ ಅಳೆದರೆ ಸಾಕೆ?

ಬ್ಯಾಸ್ಕೆಟ್‌ಬಾಲ್ ಆಡುವ ಹುಡುಗನನ್ನು ಕಂಡೊಡನೆ ನಾವೆಲ್ಲ ಕೇಳುವ ಮೊದಲ ಪ್ರಶ್ನೆ "ಎಷ್ಟು ಎತ್ತರವಪ್ಪಾ?" ಎಂಬುದು. ಈ ಆಟ ಹುಟ್ಟಿದ ಅಮೆರಿಕದಲ್ಲಿಯೂ ಮೊದಲು ಕೇಳುವುದು ಅದನ್ನೇ. ಆದರೆ ಅಲ್ಲಿ ಅದರ ಹಿಂದೆಯೇ ಎರಡನೆಯ ಪ್ರಶ್ನೆಯೊಂದು ಬರುತ್ತದೆ: "ಹೈಸ್ಕೂಲು ಮುಗಿಸಿ ಕಾಲೇಜಿಗೆ ಬಂದಾಗ ಇವನನ್ನು ಯಾವ ಸ್ಥಾನದಲ್ಲಿ ಆಡಿಸಬೇಕು?" ಮೊದಲನೆಯ ಪ್ರಶ್ನೆಗೆ ಒಂದು ಗೋಡೆ, ಒಂದು ಅಳತೆಯ ಟೇಪು ಇದ್ದರೆ ಸಾಕು. ಎರಡನೆಯದಕ್ಕೆ ಕಣ್ಣು ಬೇಕು, ತಾಳ್ಮೆ ಬೇಕು, ಸ್ವಲ್ಪ ಮಟ್ಟಿಗೆ ಧೈರ್ಯವೂ ಬೇಕು. ಮೊದಲನೆಯ ಉತ್ತರದಿಂದಲೇ ಎರಡನೆಯದನ್ನೂ ತೀರ್ಮಾನಿಸಿಬಿಡುವುದು ತಪ್ಪೆಂದು ತೋರಿಸುವುದು ಈ ಪುಟ್ಟ ಲೇಖನದ ಉದ್ದೇಶ.

ಆಟವನ್ನರಿಯದ ವಾಚಕರಿಗಾಗಿ ಎರಡು ಮಾತು. ಒಂದು ತಂಡದಲ್ಲಿ ಏಕಕಾಲಕ್ಕೆ ಆಡುವವರು ಐವರು. ಚೆಂಡನ್ನು ನಡೆಸಿಕೊಂಡು ಬಂದು ಉಳಿದವರಿಗೆ ಹಂಚುವವನು ಪಾಯಿಂಟ್ ಗಾರ್ಡ್. ದೂರದಿಂದ ಬುಟ್ಟಿಗೆ ಗುರಿಯಿಡುವವನು ಶೂಟಿಂಗ್ ಗಾರ್ಡ್. ಒಳಗೂ ಹೊರಗೂ ಸಲ್ಲುವವನು ಸ್ಮಾಲ್ ಫಾರ್ವರ್ಡ್. ಬುಟ್ಟಿಯ ಬಳಿ ಮೈಯೊಡ್ಡಿ ಹೋರಾಡುವವನು ಪವರ್ ಫಾರ್ವರ್ಡ್. ಹತ್ತಡಿ ಎತ್ತರದ ಬುಟ್ಟಿಯ ಕೆಳಗೆ ಕಾವಲು ನಿಲ್ಲುವವನು ಸೆಂಟರ್. ಸಾಮಾನ್ಯವಾಗಿ ಮೊದಲನೆಯವನು ಎಲ್ಲರಿಗಿಂತ ಗಿಡ್ಡ, ಕೊನೆಯವನು ಎಲ್ಲರಿಗಿಂತ ಉದ್ದ. ಅಮೆರಿಕದ ಕಾಲೇಜುಗಳ ತರಬೇತುದಾರರು ಹೈಸ್ಕೂಲುಗಳಿಗೆ ಹೋಗಿ, ಹುಡುಗರ ಆಟವನ್ನು ನೋಡಿ, ತಮಗೆ ಬೇಕಾದವರನ್ನು ವಿದ್ಯಾರ್ಥಿವೇತನ ಕೊಟ್ಟು ಕರೆದುಕೊಳ್ಳುತ್ತಾರೆ. ಹುಡುಗರಿಗೆ ಐದರವರೆಗೆ ನಕ್ಷತ್ರಗಳನ್ನಿತ್ತು, ಹೆಸರಿನ ಮುಂದೆ ಸ್ಥಾನವನ್ನೂ ಬರೆದು ಪಟ್ಟಿ ಪ್ರಕಟಿಸುವ ಸಂಸ್ಥೆಗಳೂ ಅಲ್ಲಿವೆ. ಹದಿನೇಳು ವರ್ಷದವನ ಹೆಸರಿನ ಮುಂದೆ ಬಿದ್ದ ಆ ಒಂದು ಪದ ಅವನು ಯಾವ ಕಾಲೇಜಿಗೆ ಹೋಗುವನು, ಅಲ್ಲಿ ಏನನ್ನು ಕಲಿಯುವನು, ಎಷ್ಟು ಹೊತ್ತು ಆಡುವನು ಎಂಬುದನ್ನೆಲ್ಲ ಬಹುಮಟ್ಟಿಗೆ ನಿರ್ಣಯಿಸುತ್ತದೆ.

ನಿನಗೆ ಈ ವಿಷಯದಲ್ಲಿ ಇಷ್ಟು ಆಸಕ್ತಿ ಏಕೆಂದು ಕೇಳಬಹುದು. ಹೇಳಿಬಿಡುತ್ತೇನೆ. ನನ್ನ ಎತ್ತರ ಆರಡಿ ಒಂದಂಗುಲ. ಹೈಸ್ಕೂಲಿನಲ್ಲಿ ನನಗಿಂತ ಉದ್ದದವರು ಯಾರೂ ಇರಲಿಲ್ಲ. ಮೊದಲ ದಿನವೇ ನನ್ನನ್ನು ರಿಂಗಿನ ಕೆಳಗೆ ನಿಲ್ಲಿಸಿದರು. ಮೂರು ವರ್ಷ ಅಲ್ಲಿಯೇ ನಿಂತೆ. ಕೈಯೆತ್ತಿದರೆ ಚೆಂಡು ಸಿಕ್ಕುತ್ತಿತ್ತು. ಸಿಕ್ಕಿದುದನ್ನು ಗಿಡ್ಡ ಗೆಳೆಯನೊಬ್ಬನಿಗೆ ಕೊಟ್ಟರೆ ನನ್ನ ಕೆಲಸ ಮುಗಿಯಿತು. ಚೆಂಡನ್ನು ಪುಟಿಸುತ್ತ ಓಡಲು ಹೋದರೆ "ನಿನಗೇಕಯ್ಯಾ ಅದು?" ಎಂಬ ಗದರಿಕೆ. ಈಗ ಕಾಲೇಜಿಗೆ ಬಂದಿದ್ದೇನೆ. ಇಲ್ಲಿ ಆರಡಿ ನಾಲ್ಕಂಗುಲದವರೇ ಇಬ್ಬರಿದ್ದಾರೆ. ರಿಂಗಿನ ಕೆಳಗೆ ನನಗೆ ಜಾಗವಿಲ್ಲ. ಹೊರಗೆ ಆಡೋಣವೆಂದರೆ ಎಡಗೈಯಲ್ಲಿ ನಾಲ್ಕು ಸಲ ಚೆಂಡು ಪುಟಿಸಲು ಬಾರದು. ಪಂದ್ಯದ ದಿನ ಬೆಂಚಿನ ಮೇಲೆ ಕುಳಿತು ಗೆಳೆಯರ ಟವೆಲುಗಳನ್ನು ಕಾಯುತ್ತೇನೆ. ದೂರುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ನಮ್ಮ ಮೇಷ್ಟರು ಒಳ್ಳೆಯವರು. ನಮ್ಮನ್ನು ಗೆಲ್ಲಿಸಲು ತಮಗೆ ತೋಚಿದುದನ್ನು ಮಾಡಿದರು. ಆದರೆ ಅಂದು ತಿಳಿಯದ ಒಂದು ಮಾತು ಇಂದು ನನಗೆ ತಿಳಿದಿದೆ. ಹೈಸ್ಕೂಲಿನಲ್ಲಿ ಹುಡುಗನಿಗೆ ಸಿಕ್ಕಿದ ಸ್ಥಾನ ಅವನ ಯೋಗ್ಯತೆಯ ಅಳತೆಯಲ್ಲ. ಅವನ ಸುತ್ತ ಇದ್ದ ಹುಡುಗರ ಅಳತೆ.

ಅಮೆರಿಕದಲ್ಲಿಯೂ ಇದು ಹೀಗೆಯೇ. ಸಣ್ಣ ಊರಿನ ಶಾಲೆಯಲ್ಲಿ ಆರಡಿ ಐದಂಗುಲದವನು ಸೆಂಟರ್ ಆಗಿ ಮೆರೆಯುತ್ತಾನೆ. ಕಾಲೇಜಿಗೆ ಬಂದರೆ ಎದುರಿಗೆ ನಿಲ್ಲುವವನು ಆರಡಿ ಹತ್ತಂಗುಲದವನು. ಇವನೋ ಒಳಗೆ ನಿಲ್ಲಲು ಗಿಡ್ಡ, ಹೊರಗೆ ಆಡಲು ನಿಧಾನ. ಅಲ್ಲದೆ ಆಟವೇ ಬದಲಾಗುತ್ತದೆ. ಹೈಸ್ಕೂಲು ಪಂದ್ಯ ಸಾಮಾನ್ಯವಾಗಿ ಎಂಟೆಂಟು ನಿಮಿಷಗಳ ನಾಲ್ಕು ಭಾಗ, ಒಟ್ಟು 32 ನಿಮಿಷ. ಪುರುಷರ ಕಾಲೇಜು ಪಂದ್ಯ 40 ನಿಮಿಷ. ಮೂರು ಅಂಕದ ಗೆರೆ ಹೈಸ್ಕೂಲಿನಲ್ಲಿ 19 ಅಡಿ 9 ಅಂಗುಲ ದೂರದಲ್ಲಿದ್ದರೆ, ಕಾಲೇಜಿನ ಮೇಲಿನ ದರ್ಜೆಯ ಪುರುಷರ ಆಟದಲ್ಲಿ 2019-20ರಿಂದ 22 ಅಡಿ 1¾ ಅಂಗುಲ ದೂರದಲ್ಲಿದೆ. ಕಾಲೇಜಿನಲ್ಲಿ 2015-16ರಿಂದ 30 ಸೆಕೆಂಡುಗಳೊಳಗೆ ಚೆಂಡನ್ನು ಬುಟ್ಟಿಯತ್ತ ಎಸೆಯಲೇಬೇಕೆಂಬ ನಿಯಮವಿದೆ. ಹೈಸ್ಕೂಲುಗಳಲ್ಲಿ ಆ ಗಡಿಯಾರ ಬೇಕೋ ಬೇಡವೋ ಎಂಬುದು ಆಯಾ ರಾಜ್ಯಕ್ಕೆ ಬಿಟ್ಟದ್ದು. ಎರಡಡಿ ಚಿಲ್ಲರೆ ಹಿಂದೆ ಸರಿದೊಡನೆ ಗುರಿಕಾರನ ಗುರಿ ತಪ್ಪಬಹುದು. ಗಡಿಯಾರ ಓಡುತ್ತಿರುವಾಗ ಜಾಣನ ಜಾಣತನ ಮಂಕಾಗಬಹುದು. ಆದುದರಿಂದ ಹೈಸ್ಕೂಲಿನಲ್ಲಿ ಗಳಿಸಿದ ಅಂಕಗಳನ್ನು ಕೂಡಿಸಿ ಕಾಲೇಜಿನ ಸ್ಥಾನವನ್ನು ಹೇಳಲಾಗದು.

ಹಾಗಾದರೆ ನೋಡಬೇಕಾದುದೇನು? ನನ್ನ ಅಭಿಪ್ರಾಯದಲ್ಲಿ ಮೂರು ಪ್ರಶ್ನೆಗಳನ್ನು ಕೇಳಬೇಕು.

ಮೊದಲನೆಯದು: ಚೆಂಡು ಕೈಯಲ್ಲಿದ್ದಾಗ ಈ ಹುಡುಗನ ಕಣ್ಣು ಎಲ್ಲಿರುತ್ತದೆ? ಮಿಷಿಗನ್ ರಾಜ್ಯದ ಲ್ಯಾನ್ಸಿಂಗ್ ನಗರದ ಎವರೆಟ್ ಹೈಸ್ಕೂಲಿನಲ್ಲಿ ಆಡುತ್ತಿದ್ದ ಅರ್ವಿನ್ ಜಾನ್ಸನ್ ಎಂಬ ಹುಡುಗ ಆರಡಿ ಎಂಟಂಗುಲದ ಆಸುಪಾಸಿನವನು. ಮುಂದೆ ಜಗತ್ತು ಅವನನ್ನು ಮ್ಯಾಜಿಕ್ ಜಾನ್ಸನ್ ಎಂದು ಕರೆಯಿತು. ಅಷ್ಟು ಉದ್ದದವನನ್ನು ಬುಟ್ಟಿಯ ಕೆಳಗೆ ನಿಲ್ಲಿಸುವುದು ಅಂದಿನ ವಾಡಿಕೆ. ಆದರೆ ಅವನ ಕಣ್ಣು ಬುಟ್ಟಿಗಿಂತ ಹೆಚ್ಚಾಗಿ ಜೊತೆಗಾರರ ಮೇಲಿರುತ್ತಿತ್ತು. 1977ರಲ್ಲಿ ಅವನ ಶಾಲೆ ರಾಜ್ಯದ ಪ್ರಶಸ್ತಿ ಗೆದ್ದಿತು. ಪಕ್ಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಬಂದಾಗ ಅಲ್ಲಿನ ತರಬೇತುದಾರ ಜಡ್ ಹೀತ್‌ಕೋಟ್ ಅವನ ಕೈಗೆ ಚೆಂಡನ್ನು ಒಪ್ಪಿಸಿ, ಆಟವನ್ನು ನಡೆಸು ಎಂದರು. 1979ರ ಅಂತಿಮ ಪಂದ್ಯದಲ್ಲಿ ಲ್ಯಾರಿ ಬರ್ಡ್ ಇದ್ದ ಇಂಡಿಯಾನಾ ಸ್ಟೇಟ್ ತಂಡವನ್ನು 75-64ರಿಂದ ಸೋಲಿಸಿದರು. ಮರುವರ್ಷ ಇನ್ನೂ ಸೊಗಸು. ವೃತ್ತಿಪರ ಲೀಗಿನ 1980ರ ಫೈನಲ್ಸ್‌ನ ಆರನೆಯ ಪಂದ್ಯದಲ್ಲಿ ಸೆಂಟರ್ ಕರೀಂ ಅಬ್ದುಲ್ ಜಬ್ಬಾರ್ ಗಾಯಗೊಂಡು ಇರದಿದ್ದಾಗ, ಇಪ್ಪತ್ತು ವರ್ಷದ ಈ ಪಾಯಿಂಟ್ ಗಾರ್ಡನೇ ಸೆಂಟರ್ ಜಾಗದಲ್ಲಿ ನಿಂತು 42 ಅಂಕ, 15 ರಿಬೌಂಡ್, 7 ಅಸಿಸ್ಟ್ ಗಳಿಸಿ ತಂಡಕ್ಕೆ ಪ್ರಶಸ್ತಿ ತಂದ. ಉದ್ದದವನಿಗೆ ಚೆಂಡು ನಡೆಸಲು ಕಲಿಸಿದರೆ ಅವನು ಬುಟ್ಟಿಯ ಕೆಳಗೂ ನಿಲ್ಲಬಲ್ಲ. ಕೆಳಗೆ ನಿಲ್ಲುವುದನ್ನಷ್ಟೇ ಕಲಿತವನು ಮುಂದೆ ಚೆಂಡು ನಡೆಸಲಾರ.

ಎರಡನೆಯದು: ಇವನು ಯಾರನ್ನು ತಡೆಯಬಲ್ಲ? ಬುಟ್ಟಿಗೆ ಹಾಕಲಾರದವನನ್ನು ತಂಡ ಹೇಗೋ ಮುಚ್ಚಿಟ್ಟುಕೊಳ್ಳಬಹುದು. ತಡೆಯಲಾರದವನನ್ನು ಎದುರಾಳಿಗಳು ಹುಡುಕಿಕೊಂಡು ಬರುತ್ತಾರೆ. ಇಲ್ಲಿ ನನ್ನ ಗೆಳೆಯರ ಆಕ್ಷೇಪಣೆಗೂ ಉತ್ತರ ಕೊಡಬೇಕು. "ಆಟ ಕಲಿಸಬಹುದು, ಎತ್ತರ ಕಲಿಸಲಾಗದು" ಎಂಬುದು ಅವರ ವಾದ. ಅಮೆರಿಕದ ತರಬೇತುದಾರರೂ ಹಾಗೆನ್ನುವುದುಂಟು. ಅದು ಸುಳ್ಳಲ್ಲ. ಶಿಕಾಗೋದ ಆಂಥೊನಿ ಡೇವಿಸ್‌ನನ್ನು ನೋಡಿರಿ. ಹೈಸ್ಕೂಲು ಸೇರಿದಾಗ ಅವನು ಆರಡಿಯ ಆಸುಪಾಸಿನ ಗಾರ್ಡ್. ಮುಗಿಸುವ ಹೊತ್ತಿಗೆ ಆರಡಿ ಹತ್ತಂಗುಲ. ಕೆಂಟಕಿ ವಿಶ್ವವಿದ್ಯಾಲಯದಲ್ಲಿ ಅವನು ನಿಂತದ್ದು ಬುಟ್ಟಿಯ ಬಳಿಯೇ. 2012ರ ಅಂತಿಮ ಪಂದ್ಯದಲ್ಲಿ ಹತ್ತು ಸಲ ಎಸೆದು ಒಂದೇ ಸಲ ಬುಟ್ಟಿಗೆ ಹಾಕಿದ. ಗಳಿಸಿದ್ದು ಕೇವಲ 6 ಅಂಕ. ಆದರೆ 16 ರಿಬೌಂಡ್ ಹಿಡಿದ, ಎದುರಾಳಿಗಳ ಆರು ಎಸೆತಗಳನ್ನು ತಡೆದ, ಜೊತೆಗಾರರಿಗೆ ಐದು ಅಸಿಸ್ಟ್ ಕೊಟ್ಟ. ಕೆಂಟಕಿ 67-59ರಿಂದ ಕ್ಯಾನ್ಸಸ್ ತಂಡವನ್ನು ಗೆದ್ದಿತು. ಆ ಕೂಟದ ಅತ್ಯುತ್ತಮ ಆಟಗಾರನೆಂಬ ಗೌರವ ಅವನಿಗೇ ಸಂದಿತು. ಎತ್ತರ ಅವನನ್ನು ಕಾಯಿತು, ನಿಜ. ಆದರೆ ಆ ಎತ್ತರದೊಳಗೆ ಗಾರ್ಡ್ ಆಗಿದ್ದಾಗ ಕಲಿತ ಚುರುಕು ಕಾಲು, ಮೃದುವಾದ ಕೈ ಉಳಿದುಕೊಂಡಿದ್ದವು. ಬೆಳೆಯುವ ಸಿರಿ ಮೊಳಕೆಯಲ್ಲಿ ಎನ್ನುತ್ತೇವೆ. ಸಿರಿ ಮೊಳಕೆಯಲ್ಲಿ ಕಂಡೀತು. ಅದು ಯಾವ ಮರವಾದೀತೆಂದು ಮೊಳಕೆಗೂ ತಿಳಿದಿರುವುದಿಲ್ಲ.

ಮೂರನೆಯ ಪ್ರಶ್ನೆಯನ್ನು ಹಲವರು ಕೇಳುವುದೇ ಇಲ್ಲ: ಉಳಿದ ನಾಲ್ವರು ಯಾರು? ಸ್ಟೀಫನ್ ಕರಿಯ ಕಥೆ ಇದಕ್ಕೆ ಉತ್ತಮ ನಿದರ್ಶನ. ಅವನ ತಂದೆ ಡೆಲ್ ಕರಿ ಹೆಸರಾಂತ ವೃತ್ತಿಪರ ಆಟಗಾರ. ಆದರೂ ಹೈಸ್ಕೂಲಿನಲ್ಲಿ ಮಗ ತೆಳ್ಳಗೆ, ಆರಡಿಯ ಸುಮಾರಿಗೆ ಇದ್ದುದರಿಂದ ದೊಡ್ಡ ಕಾಲೇಜುಗಳು ವಿದ್ಯಾರ್ಥಿವೇತನ ಕೊಟ್ಟು ಕರೆಯಲಿಲ್ಲ. ಉತ್ತರ ಕ್ಯಾರೊಲಿನಾದ ಡೇವಿಡ್‌ಸನ್ ಎಂಬ ಚಿಕ್ಕ ಕಾಲೇಜಿನ ಬಾಬ್ ಮೆಕಿಲಪ್ ಕರೆದರು. ಆ ಎತ್ತರಕ್ಕೆ ಪಾಯಿಂಟ್ ಗಾರ್ಡ್ ಎಂದೇ ಯಾರಾದರೂ ಬರೆದಾರು. ಆದರೆ ಅಲ್ಲಿ ಜೇಸನ್ ರಿಚರ್ಡ್ಸ್ ಎಂಬ ನುರಿತ ಪಾಯಿಂಟ್ ಗಾರ್ಡ್ ಇದ್ದ. 2007-08ರಲ್ಲಿ ಅಸಿಸ್ಟುಗಳಲ್ಲಿ ಇಡೀ ದೇಶಕ್ಕೆ ಮೊದಲಿಗ. ಹೀಗಾಗಿ ಕರಿ ಮೊದಲೆರಡು ವರ್ಷ ಚೆಂಡಿಲ್ಲದೆ ಓಡಾಡಿ, ಎದುರಾಳಿಯನ್ನು ತಪ್ಪಿಸಿಕೊಂಡು ಗುರಿಯಿಡುವ ಶೂಟಿಂಗ್ ಗಾರ್ಡ್ ಆದ. 2008ರಲ್ಲಿ ಆ ಚಿಕ್ಕ ಕಾಲೇಜು ರಾಷ್ಟ್ರೀಯ ಪಂದ್ಯಾವಳಿಯ ಕೊನೆಯ ಎಂಟು ತಂಡಗಳಲ್ಲೊಂದಾಗಿ, ಆ ವರ್ಷ ಪ್ರಶಸ್ತಿ ಗೆದ್ದ ಕ್ಯಾನ್ಸಸ್ಸಿಗೆ 59-57ರಿಂದ, ಎರಡೇ ಅಂಕಗಳಿಂದ ಸೋತಿತು. ರಿಚರ್ಡ್ಸ್ ಓದು ಮುಗಿಸಿ ಹೋದ ಮೇಲೆ ಕರಿ ಪಾಯಿಂಟ್ ಗಾರ್ಡ್ ಆದ. 2008-09ರಲ್ಲಿ ಪಂದ್ಯಕ್ಕೆ ಸರಾಸರಿ 28.6 ಅಂಕ ಗಳಿಸಿ ದೇಶಕ್ಕೇ ಮೊದಲಿಗನಾದ. ಆದರೆ ಆ ವರ್ಷ ಡೇವಿಡ್‌ಸನ್ನಿಗೆ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಜಾಗವೇ ಸಿಕ್ಕಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಹುಡುಗ ಅದೇ ಹುಡುಗ. ಎತ್ತರ ಅದೇ ಎತ್ತರ. ಮೊದಲ ಸ್ಥಾನದಲ್ಲಿ ತಂಡ ಹೆಚ್ಚು ದೂರ ಹೋಯಿತು. ಎರಡನೆಯದರಲ್ಲಿ ಅವನು ಹೆಚ್ಚು ಕಲಿತ. ಸೋಲಿಗೆ ಸ್ಥಾನ ಬದಲಾದುದೊಂದೇ ಕಾರಣವೆಂದು ನಾನು ಹೇಳುವುದಿಲ್ಲ. ರಿಚರ್ಡ್ಸ್ ಇಲ್ಲವಾದುದೇ ದೊಡ್ಡ ನಷ್ಟ. ಆದರೆ ಆ ಒಂದು ವರ್ಷ ಚೆಂಡು ಕೈಯಲ್ಲಿ ಹಿಡಿದು ಆಡಿದುದರಿಂದಲೇ ಮುಂದೆ ವೃತ್ತಿಪರ ಲೀಗಿನಲ್ಲಿ ಅವನು ಪಾಯಿಂಟ್ ಗಾರ್ಡ್ ಆಗಿ ನಿಲ್ಲುವ ದಾರಿ ಸುಗಮವಾಯಿತೆಂದು ನನ್ನ ಎಣಿಕೆ. "ಅತ್ಯುತ್ತಮ ಸ್ಥಾನ" ಎಂದೊಡನೆ, ಯಾರಿಗೆ ಉತ್ತಮ ಎಂದು ಕೇಳಬೇಕು. ಈ ವರ್ಷದ ತಂಡಕ್ಕೋ, ಹುಡುಗನ ಮುಂದಿನ ಹತ್ತು ವರ್ಷಗಳಿಗೋ? ಎರಡೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ.

ತರಬೇತುದಾರನ ಕಷ್ಟವೂ ಕಷ್ಟವೇ. ಗೆಲ್ಲದಿದ್ದರೆ ಅವನ ಕೆಲಸ ಹೋಗುತ್ತದೆ. 2021ರಿಂದ ಆಟಗಾರರು ಒಂದು ವರ್ಷ ಕಾಯದೆಯೇ ಕಾಲೇಜು ಬದಲಾಯಿಸುವ ಅವಕಾಶ ದೊರೆತ ಮೇಲೆ, ಎರಡು ವರ್ಷ ಕಾದು ಕಲಿಸಿದ ಹುಡುಗ ಮೂರನೆಯ ವರ್ಷ ಬೇರೆ ಕಾಲೇಜಿನ ಅಂಗಿ ತೊಟ್ಟು ಎದುರಿಗೆ ನಿಲ್ಲಬಹುದು. ಬೇರೊಬ್ಬನ ಹೊಲಕ್ಕೆ ನೀರು ಹಾಯಿಸುವವರು ಯಾರು? ಈ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಹುಡುಗನನ್ನು ಕರೆತರುವ ದಿನ "ಈ ವರ್ಷ ನಮಗೆ ನೀನು ಇಲ್ಲಿ ಬೇಕು, ಅಭ್ಯಾಸದಲ್ಲಿ ಅಲ್ಲಿಯೂ ಆಡಿಸುತ್ತೇವೆ" ಎಂದು ನೇರವಾಗಿ ಹೇಳುವುದರಿಂದ ಯಾರಿಗೂ ನಷ್ಟವಿಲ್ಲ. ಮುಚ್ಚಿಟ್ಟರೆ ನಷ್ಟವುಂಟು, ಅದೂ ಹುಡುಗನೊಬ್ಬನಿಗೇ.

ಒಟ್ಟಿನಲ್ಲಿ ನನ್ನ ಮಾತು ಇಷ್ಟು. ಸ್ಥಾನವೆಂಬುದು ಹುಡುಗನ ಮೈಯಲ್ಲಿಲ್ಲ. ಅವನ ಕಣ್ಣು, ಅವನು ತಡೆಯಬಲ್ಲ ಎದುರಾಳಿ, ಜೊತೆಗಿರುವ ನಾಲ್ವರು, ಇವೆಲ್ಲ ಸೇರಿದಲ್ಲಿ ಅದು ಇದೆ. ಇವುಗಳಲ್ಲಿ ಒಂದು ಬದಲಾದರೂ ಸ್ಥಾನ ಬದಲಾಗಬಹುದು. ಆದುದರಿಂದ ಅದನ್ನು ಪೆನ್ಸಿಲಿನಲ್ಲಿ ಬರೆಯಬೇಕು, ಮಸಿಯಲ್ಲಿ ಬರೆಯಬಾರದು. ಹತ್ತನೆಯ ತರಗತಿಯ ಅಂಕಪಟ್ಟಿ ನೋಡಿ "ನೀನು ವಿಜ್ಞಾನಕ್ಕೆ, ನೀನು ಕಲೆಗೆ" ಎಂದು ವಿಂಗಡಿಸಲ್ಪಟ್ಟು ಈ ಕಾಲೇಜಿನ ಮೆಟ್ಟಿಲು ಹತ್ತಿದ ಮಿತ್ರರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಕೊನೆಗೆ ಒಂದು ವಿನಂತಿ. ಮುಂದಿನ ವರ್ಷ ನಮ್ಮ ಕಾಲೇಜು ತಂಡದ ಆಯ್ಕೆ ನಡೆಯುವಾಗ, ಹೊಸದಾಗಿ ಬಂದ ಪ್ರತಿಯೊಬ್ಬನನ್ನೂ ಮೊದಲ ತಿಂಗಳ ಅಭ್ಯಾಸದಲ್ಲಿ ಐದೂ ಸ್ಥಾನಗಳಲ್ಲಿ ಆಡಿಸಿ ನೋಡಬೇಕೆಂದು ಸಂಬಂಧಪಟ್ಟ ಅಧ್ಯಾಪಕರಲ್ಲಿ ಬೇಡುತ್ತೇನೆ. ಇದಕ್ಕೆ ಹಣ ಬೇಕಿಲ್ಲ. ಹೊಸ ಚೆಂಡೂ ಬೇಕಿಲ್ಲ. ಉದ್ದದ ಹುಡುಗ ಚೆಂಡು ಪುಟಿಸುತ್ತ ಎಡವಿದರೆ ಮೂರು ದಿನ ಯಾರೂ ನಗದಿದ್ದರೆ ಸಾಕು. ನಾನಂತೂ ಸಂಜೆ ಎಲ್ಲರೂ ಹೋದ ಮೇಲೆ ಅಂಕಣದಲ್ಲಿ ಎಡಗೈ ಪಳಗಿಸಲು ತೊಡಗಿದ್ದೇನೆ. ನಾಲ್ಕು ಸಲ ಪುಟಿಯುತ್ತಿರಲಿಲ್ಲವಷ್ಟೆ. ಮೊನ್ನೆ ಹನ್ನೊಂದು ಸಲ ಪುಟಿಯಿತು.