ಕೈಚಳಕದ ಗುಡ್‌ವಿಲ್ ಯಾರ ಖಾತೆಗೆ?

ಕಳೆದ ರಂಜಾನ್ ಹಬ್ಬದ ದಿನ ನಮ್ಮ ಖಾಲಾ ಮನೆಯಲ್ಲಿ ಎಲ್ಲರೂ ಶೀರ್ ಖುರ್ಮಾ ಬಟ್ಟಲು ಹಿಡಿದು ಕುಳಿತಿದ್ದಾಗ ಖಾಲಾ ಅವರ ಮಗಳು ಮಾತ್ರ ಅಲ್ಲಿರಲಿಲ್ಲ. ನಾವೆಲ್ಲ ಅವರನ್ನು ಆಪಾ ಎನ್ನುತ್ತೇವೆ. ಬಿ.ಎಸ್ಸಿ. ಬಯೋಟೆಕ್ನಾಲಜಿ ಓದಿ ಬೆಂಗಳೂರಿನ ಒಂದು ಕಂಪನಿಯ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತಿದ್ದಾರೆ. ಹಬ್ಬದ ಬೆಳಿಗ್ಗೆ ಅವರು ಜೀವಕೋಶಗಳಿಗೆ ಊಟ ಹಾಕಲು ಹೋಗಿದ್ದರು. ಲ್ಯಾಬ್‌ನ ಡ್ಯೂಟಿ ಪಟ್ಟಿ ತಿಂಗಳ ಮೊದಲೇ ತಯಾರಾಗುತ್ತದೆ. ನಮ್ಮ ಹಬ್ಬವೋ ಹಿಂದಿನ ರಾತ್ರಿ ಚಂದ್ರ ಕಂಡ ಮೇಲೆ ನಿಶ್ಚಯವಾಗುತ್ತದೆ. ಆಪಾ ಮರುದಿನಕ್ಕೆ ರಜೆ ಬರೆಸಿದ್ದರು, ಚಂದ್ರ ಒಂದು ದಿನ ಮೊದಲೇ ಕಂಡ.

ಈಗ ಆ ಕಂಪನಿ ಈ ಕೆಲಸಕ್ಕೆ ಯಂತ್ರ ತರಿಸುತ್ತಿದೆ. ಸುದ್ದಿ ಕೇಳಿ ನಮ್ಮ ಮನೆಯಲ್ಲಿ ಎರಡು ಪಕ್ಷಗಳಾದವು. "ಒಳ್ಳೆಯದೇ ಆಯಿತು, ಮಗು ಇನ್ನು ಹಬ್ಬಕ್ಕಾದರೂ ಮನೆಗೆ ಬರುತ್ತಾಳೆ" ಎಂದರು ಅಮ್ಮಿ. "ಹಬ್ಬಕ್ಕೆ ಏಕೆ, ವರ್ಷಪೂರ್ತಿ ಮನೆಯಲ್ಲೇ ಇರುತ್ತಾಳೆ" ಎಂದರು ಖಾಲೂ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯ ಇದೆ ಎಂದು ನನಗನಿಸಿತು. ಉಳಿದ ಅರ್ಧವನ್ನು ಹುಡುಕುತ್ತಾ ಹೋದಾಗ ಅದು ಸಿಕ್ಕಿದ್ದು ನಮ್ಮ ಅಕೌಂಟೆನ್ಸಿ ಪುಸ್ತಕದಲ್ಲಿ. ವಾಣಿಜ್ಯ ವಿಭಾಗದವಳಿಗೆ ಜೀವಕೋಶಗಳ ಉಸಾಬರಿ ಏಕೆ ಎಂದು ಕೇಳುವ ಗೆಳತಿಯರಿಗೆ ಇದೇ ನನ್ನ ಉತ್ತರ.

ಮೊದಲು ಆ ಕೆಲಸ ಏನೆಂದು ಹೇಳುತ್ತೇನೆ. ಮನುಷ್ಯರ ಅಥವಾ ಪ್ರಾಣಿಗಳ ದೇಹದಿಂದ ತೆಗೆದ ಜೀವಕೋಶಗಳನ್ನು ಗಾಜಿನ ಇಲ್ಲವೇ ಪ್ಲಾಸ್ಟಿಕ್ ತಟ್ಟೆಗಳಲ್ಲಿ ಬೆಳೆಸುವುದಕ್ಕೆ ಸೆಲ್ ಕಲ್ಚರ್ ಎನ್ನುತ್ತಾರೆ. ಔಷಧಿ ಪರೀಕ್ಷೆಗೆ, ಲಸಿಕೆ ತಯಾರಿಕೆಗೆ, ರೋಗಗಳ ಅಧ್ಯಯನಕ್ಕೆ ಇದು ಬೇಕೇ ಬೇಕು. ಮನುಷ್ಯರ ಕೋಶಗಳನ್ನು ಇಡುವ ಇನ್‌ಕ್ಯುಬೇಟರ್‌ನಲ್ಲಿ ನಮ್ಮ ದೇಹದಂತೆಯೇ 37 ಡಿಗ್ರಿ ಬಿಸಿ ಇರಬೇಕು, ಗಾಳಿಯಲ್ಲಿ ಸಾಮಾನ್ಯವಾಗಿ ಶೇ. 5 ರಷ್ಟು ಇಂಗಾಲದ ಡೈಆಕ್ಸೈಡ್ ಇರಬೇಕು. ಕೋಶಗಳ ಆಹಾರವಾದ ದ್ರವಕ್ಕೆ ಮೀಡಿಯಂ ಎಂದು ಹೆಸರು. ಅದರಲ್ಲಿ ಬೆರೆಸಿದ ಫೀನಾಲ್ ರೆಡ್ ಎಂಬ ಬಣ್ಣದಿಂದಾಗಿ ಅದು ಕೆಂಪಗೆ ಕಾಣುತ್ತದೆ. ಕೋಶಗಳು ಆಹಾರ ತಿಂದು ಆಮ್ಲ ಬಿಡುತ್ತಾ ಹೋದಂತೆ ಹಳದಿಗೆ ತಿರುಗುತ್ತದೆ. ಆಗ ಹಳೆಯದನ್ನು ತೆಗೆದು ಹೊಸದನ್ನು ಹಾಕಬೇಕು. ಕೆಲವು ಜಾತಿಯ ಕೋಶಗಳಿಗೆ ದಿನವೂ ಹೀಗೆ ಮಾಡಬೇಕು. ತಟ್ಟೆ ತುಂಬಿದರೆ ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ ಕೋಶಗಳನ್ನು ತಳದಿಂದ ಬಿಡಿಸಿ ಹೊಸ ತಟ್ಟೆಗಳಿಗೆ ಹಂಚಬೇಕು. ಇಷ್ಟನ್ನೂ ಒಂದು ಸೂಕ್ಷ್ಮಾಣುವೂ ಒಳಗೆ ಹೋಗದಂತೆ ಮಾಡಬೇಕು. ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಸೇರಿಕೊಂಡರೆ ಮೀಡಿಯಂ ಕದಡುವುದೂ ಇಲ್ಲ, ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಕಾಣುವುದೂ ಇಲ್ಲ. ಪರೀಕ್ಷೆ ಮಾಡಿದಾಗಲೇ ತಿಳಿಯುತ್ತದೆ. ಅಷ್ಟರಲ್ಲಿ ತಿಂಗಳುಗಳ ಕೆಲಸ ಹಾಳಾಗಿರಬಹುದು.

ಇಂಥ ಕೆಲಸಕ್ಕೆ ಯಂತ್ರ ಬರಲೇಬಾರದು ಎಂದು ನಾನು ಹೇಳುವುದಿಲ್ಲ. ದಿನಕ್ಕೆ ನೂರಾರು ಸಲ ಪಿಪೆಟ್ ಒತ್ತಿ ಆಪಾ ಅವರ ಹೆಬ್ಬೆರಳಿಗೆ, ಮಣಿಕಟ್ಟಿಗೆ ನೋವು ಬಂದಿದೆ. ರಾತ್ರಿ ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಕುಳಿತಿರುವುದನ್ನು ನಾನೇ ನೋಡಿದ್ದೇನೆ. ದಣಿದ ಕೈ ತಪ್ಪು ಮಾಡುತ್ತದೆ, ಯಂತ್ರಕ್ಕೆ ದಣಿವಿಲ್ಲ. ಭಾನುವಾರವೂ ಒಂದೇ, ಹಬ್ಬವೂ ಒಂದೇ.

ಯಂತ್ರ ಎಷ್ಟು ಚೆನ್ನಾಗಿ ಮಾಡಬಲ್ಲದು ಎಂಬುದಕ್ಕೆ ಜಪಾನಿನ ಕೋಬೆ ನಗರದ ಉದಾಹರಣೆ ಇದೆ. ಚರ್ಮದಂಥ ಸಾಮಾನ್ಯ ಕೋಶವನ್ನು ಹಿಂದಕ್ಕೆ ತಿರುಗಿಸಿ, ದೇಹದ ಬಹುತೇಕ ಯಾವುದೇ ಬಗೆಯ ಕೋಶವಾಗಬಲ್ಲ ಸ್ಥಿತಿಗೆ ತರುವ ವಿಧಾನವನ್ನು ಶಿನ್ಯಾ ಯಮನಾಕಾ 2006 ರಲ್ಲಿ ಇಲಿಯ ಕೋಶಗಳಲ್ಲಿ, 2007 ರಲ್ಲಿ ಮನುಷ್ಯರ ಕೋಶಗಳಲ್ಲಿ ತೋರಿಸಿದರು. ಇವುಗಳಿಗೆ ಐಪಿಎಸ್ ಕೋಶಗಳು ಎನ್ನುತ್ತಾರೆ. 2012 ರಲ್ಲಿ ಅವರಿಗೆ ನೊಬೆಲ್ ಬಂತು. 2014 ರಲ್ಲಿ ಕೋಬೆಯಲ್ಲಿ ಮಸಾಯೊ ತಕಾಹಾಶಿ ಅವರ ತಂಡ, ದೃಷ್ಟಿ ಕಳೆದುಕೊಳ್ಳುತ್ತಿದ್ದ ಒಬ್ಬ ವೃದ್ಧೆಯ ಚರ್ಮದಿಂದಲೇ ಇಂಥ ಕೋಶಗಳನ್ನು ಮಾಡಿತು. ಅವುಗಳಿಂದ ಕಣ್ಣಿನ ಅಕ್ಷಿಪಟಲದ ಹಿಂದಿರುವ ಕಂದು ಬಣ್ಣದ ಪದರವನ್ನು ಬೆಳೆಸಿ ಅವರ ಕಣ್ಣಿಗೇ ಕಸಿ ಮಾಡಲಾಯಿತು. ಐಪಿಎಸ್ ಕೋಶಗಳಿಂದ ಮಾಡಿದ ಅಂಗಾಂಶವನ್ನು ಮನುಷ್ಯರಿಗೆ ಹಾಕಿದ್ದು ಅದೇ ಮೊದಲು.

ಆದರೆ ಅಂಥ ಪದರ ಬೆಳೆಸಲು ನುರಿತ ಕೈ ಬೇಕು. ಅಂಥ ಕೈಗಳು ಕಡಿಮೆ. ಅದಕ್ಕೆ ಕೋಬೆಯ ಸಂಶೋಧಕರು ಮಹೋಲೋ ಎಂಬ ಎರಡು ತೋಳಿನ ರೋಬೊವನ್ನು ಬಳಸಿದರು. ಅದು ಮನುಷ್ಯರು ಹಿಡಿಯುವ ಪಿಪೆಟ್, ತಟ್ಟೆಗಳನ್ನೇ ಹಿಡಿಯುತ್ತದೆ. ಪಿಪೆಟ್ ಎಷ್ಟು ಬಲವಾಗಿ ಒತ್ತಬೇಕು, ಟ್ರಿಪ್ಸಿನ್ ಎಷ್ಟು ಹೊತ್ತು ಇಡಬೇಕು, ಯಾವ ರಾಸಾಯನಿಕ ಎಷ್ಟು ಹಾಕಬೇಕು, ಇವನ್ನೆಲ್ಲ ಸೇರಿಸಿದರೆ 20 ಕೋಟಿ ಬಗೆಯ ಸಾಧ್ಯತೆಗಳಾಗುತ್ತಿದ್ದವು. ಕೃತಕ ಬುದ್ಧಿಮತ್ತೆ ಆಯ್ದು ಕೊಟ್ಟಂತೆ ರೋಬೊ 111 ದಿನಗಳಲ್ಲಿ 143 ಬಗೆಗಳನ್ನು ಮಾಡಿ ನೋಡಿತು. ಕೋಶಗಳು ಎಷ್ಟು ಕಂದಾದವು ಎಂಬುದನ್ನು ಅಳೆದಾಗ, ಸುಧಾರಣೆಗೆ ಮೊದಲಿದ್ದದ್ದಕ್ಕಿಂತ ಶೇ. 88 ರಷ್ಟು ಉತ್ತಮ ಫಲಿತಾಂಶ ಬಂತು. 2022 ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಕಣ್ಣು ಕಳೆದುಕೊಳ್ಳುವವರಿಗೆ ಇದು ಸಣ್ಣ ಸುದ್ದಿಯಲ್ಲ.

ಇಲ್ಲಿ ಒಂದು ವಿಷಯ ಗಮನಿಸಬೇಕು. ರೋಬೊ ಶೂನ್ಯದಿಂದ ಆರಂಭಿಸಲಿಲ್ಲ. ಮನುಷ್ಯರು ವರ್ಷಗಟ್ಟಲೆ ಮಾಡಿ ಮಾಡಿ ಕಂಡುಕೊಂಡಿದ್ದ ವಿಧಾನವೇ ಅದರ ಮೊದಲ ಪಾಠ. 143 ಬಗೆಗಳ ಹುಡುಕಾಟ ಹೊರಟದ್ದು ಆ ಪಾಠದಿಂದ.

ಆಪಾ ಅವರ ಲ್ಯಾಬ್‌ನಲ್ಲಿ ನಡೆದದ್ದೂ ಅದೇ. ಯಂತ್ರ ಬರುವ ಮುಂಚೆ ಒಬ್ಬ ಎಂಜಿನಿಯರ್ ಬಂದು ಎರಡು ವಾರ ಅವರ ಪಕ್ಕದಲ್ಲೇ ಕುಳಿತರಂತೆ. ಕೈಯ ವಿಡಿಯೊ ತೆಗೆದರು, ಸೆಕೆಂಡುಗಳನ್ನು ಬರೆದುಕೊಂಡರು. "ಟ್ರಿಪ್ಸಿನ್ ಹಾಕಿ ಎಷ್ಟು ಹೊತ್ತು ಬಿಡುತ್ತೀರಿ?" ಎಂದು ಕೇಳಿದರು. "ಕೋಶ ದುಂಡಗಾಗುವವರೆಗೆ" ಎಂದರು ಆಪಾ. "ಅಂದರೆ ಎಷ್ಟು ನಿಮಿಷ?" "ಅದು ಆವತ್ತಿನ ಕೋಶ ನೋಡಿ ಹೇಳಬೇಕು ಸರ್." ಕೊನೆಗೆ ಆಪಾ ಬೇರೆ ಬೇರೆ ದಿನ ಮಾಡಿದ್ದನ್ನೆಲ್ಲ ಅಳೆದು ಅವರು ಒಂದು ಕೋಷ್ಟಕ ಮಾಡಿಕೊಂಡರು. ಫ್ಲಾಸ್ಕ್‌ನ ಪಕ್ಕಕ್ಕೆ ಅಂಗೈಯಿಂದ ಎಷ್ಟು ಮೆಲ್ಲಗೆ ತಟ್ಟಬೇಕು ಎಂಬುದನ್ನೂ ಬರೆದುಕೊಂಡರು. ಆರು ವರ್ಷ ಕಲಿತದ್ದು ಎರಡು ವಾರಗಳಲ್ಲಿ ಕಾಗದದ ಮೇಲೆ ಬಂತು. ಮುಂದಿನ ತಿಂಗಳು ಆಪಾ ಅವರ ಒಪ್ಪಂದವನ್ನು ಒಂದು ವರ್ಷದ ಬದಲು ಆರು ತಿಂಗಳಿಗೆ ಮಾತ್ರ ನವೀಕರಿಸಿದರು.

ಈಗ ಅಕೌಂಟೆನ್ಸಿಗೆ ಬರುತ್ತೇನೆ. ದ್ವಿತೀಯ ಪಿಯುಸಿಯಲ್ಲಿ ಪಾಲುದಾರನ ನಿವೃತ್ತಿ ಎಂಬ ಅಧ್ಯಾಯವಿದೆ. ಪಾಲುದಾರ ಸಂಸ್ಥೆಯಿಂದ ಹೊರಗೆ ಹೋಗುವಾಗ ಬಂಡವಾಳ ಕೊಟ್ಟು ಕಳಿಸಿದರೆ ಲೆಕ್ಕ ಮುಗಿಯುವುದಿಲ್ಲ. ಸಂಸ್ಥೆಯ ಗುಡ್‌ವಿಲ್‌ಗೆ ಬೆಲೆ ಕಟ್ಟಿ ಅದರಲ್ಲಿ ಅವನ ಪಾಲನ್ನು ಅವನ ಖಾತೆಗೆ ಜಮಾ ಮಾಡಬೇಕು. ಅವನು ಹೋದ ಮೇಲೂ ಅವನ ದುಡಿಮೆಯ ಫಲವಾದ ಲಾಭ ಉಳಿದವರಿಗೆ ಬರುತ್ತಿರುತ್ತದೆ. ಆದ್ದರಿಂದ ಆ ಹಣವನ್ನು ಲಾಭ ಪಡೆಯುವವರೇ ತುಂಬಿಕೊಡಬೇಕು. ಇದು ದಯೆಯಲ್ಲ, ಲೆಕ್ಕ.

ಕಂಪನಿ ಯಂತ್ರವನ್ನು ಆಸ್ತಿ ಎಂದು ಬರೆದುಕೊಳ್ಳುತ್ತದೆ, ಪ್ರತಿ ವರ್ಷ ಅದರ ಸವಕಳಿ ಹಾಕುತ್ತದೆ. ಆ ಯಂತ್ರದೊಳಗೆ ಹೋದ ಕೈಚಳಕವನ್ನು ಎಲ್ಲಿ ಬರೆಯುತ್ತದೆ? ಎಲ್ಲಿಯೂ ಇಲ್ಲ. ಸವೆದ ಮಣಿಕಟ್ಟಿನ ಸವಕಳಿಯೂ ಯಾವ ಪುಸ್ತಕದಲ್ಲೂ ಇಲ್ಲ.

ನೌಕರಳು ಪಾಲುದಾರಳಲ್ಲ, ಆಕೆಗೆ ಸಂಬಳ ಕೊಟ್ಟಾಗಿದೆ, ಈ ಲೆಕ್ಕ ತಪ್ಪು ಎಂದು ನಮ್ಮ ಸರ್ ಹೇಳಬಹುದು. ಪರೀಕ್ಷೆಯಲ್ಲಿ ಹೀಗೆ ಬರೆದರೆ ನನಗೆ ಅಂಕ ಬರುವುದಿಲ್ಲ ಎಂಬುದೂ ಗೊತ್ತು. ಆದರೆ ಸಂಬಳ ಕೊಟ್ಟದ್ದು ಅಂದಂದಿನ ಕೆಲಸಕ್ಕೆ. ಆಪಾ ಹೋದ ಮೇಲೂ ಅವರ ಕೈ ಯಂತ್ರದಲ್ಲಿ ದುಡಿಯುತ್ತಿದ್ದರೆ ಆ ದುಡಿಮೆಗೆ ಯಾವ ತಿಂಗಳ ಸಂಬಳ ಕೊಟ್ಟಂತಾಯಿತು? ಕೆಲಸಗಾರನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿ(ಸ)ಯವರ ಬೋಧನೆಯನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಆ ಕೂಲಿಯಲ್ಲಿ ಏನೇನು ಸೇರುತ್ತದೆ ಎಂದು ಕೇಳುವ ಕಾಲ ಈಗ ಬಂದಿದೆ.

ಈ ಕ್ಷೇತ್ರದಲ್ಲಿ ಲೆಕ್ಕ ಬಾಕಿ ಉಳಿದದ್ದು ಇದೇ ಮೊದಲಲ್ಲ. 1951 ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆ ಗರ್ಭಕಂಠದ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರ ಗಡ್ಡೆಯಿಂದ, ಅವರನ್ನು ಕೇಳದೆಯೇ ತೆಗೆದ ಕೋಶಗಳು ಲ್ಯಾಬ್‌ನಲ್ಲಿ ಸಾಯದೆ ಬೆಳೆಯುತ್ತಲೇ ಹೋದವು. ಅವೇ ಹೀಲಾ ಕೋಶಗಳು. ಪೋಲಿಯೊ ಲಸಿಕೆಯ ಪರೀಕ್ಷೆಗೆ ಅವು ರಾಶಿಗಟ್ಟಲೆ ಬೇಕಾದಾಗ 1953 ರಲ್ಲಿ ಅಲಬಾಮಾದ ಟಸ್ಕೆಗಿ ಸಂಸ್ಥೆಯಲ್ಲಿ ಒಂದು ಕೇಂದ್ರ ತೆರೆದರು. ಟಸ್ಕೆಗಿ ಕಪ್ಪು ಜನರ ಶಿಕ್ಷಣಕ್ಕಾಗಿ ಹುಟ್ಟಿದ ಸಂಸ್ಥೆ. ಅಲ್ಲಿನ ಕಪ್ಪು ವಿಜ್ಞಾನಿಗಳು ಮತ್ತು ತಂತ್ರಜ್ಞರು 1955 ರ ಹೊತ್ತಿಗೆ ಸುಮಾರು 6 ಲಕ್ಷ ಕೊಳವೆಗಳಷ್ಟು ಕೋಶಗಳನ್ನು ಬೆಳೆಸಿ ದೇಶದ ಲ್ಯಾಬ್‌ಗಳಿಗೆ ಕಳಿಸಿದರು. ಆಮೇಲೆ ಖಾಸಗಿ ಕಂಪನಿಗಳು ಕಾರ್ಖಾನೆಯ ರೀತಿಯಲ್ಲಿ ಕೋಶ ಬೆಳೆಸಿ ಮಾರತೊಡಗಿದವು, ಟಸ್ಕೆಗಿಯ ಕೇಂದ್ರ ಮುಚ್ಚಿತು. ಲಸಿಕೆ ಎಂದರೆ ಜೋನಾಸ್ ಸಾಲ್ಕ್ ಹೆಸರು ಎಲ್ಲರಿಗೂ ಗೊತ್ತು. ಟಸ್ಕೆಗಿಯ ಕೈಗಳ ಹೆಸರು ಎಷ್ಟು ಜನರಿಗೆ ಗೊತ್ತು? ಹೀಲಾ ಕೋಶಗಳಿಂದ ಲಾಭ ಮಾಡಿದ ಒಂದು ದೊಡ್ಡ ಕಂಪನಿಯೊಂದಿಗೆ ಲ್ಯಾಕ್ಸ್ ಕುಟುಂಬದ ಮೊಕದ್ದಮೆ ರಾಜಿಯಾದದ್ದು 2023 ರಲ್ಲಿ, 72 ವರ್ಷಗಳ ನಂತರ. ಕೋಶ ಕೊಟ್ಟವರ ಬಾಕಿಗೇ ಇಷ್ಟು ವರ್ಷ ಹಿಡಿಯಿತು. ಕೋಶ ಬೆಳೆಸಿದವರ ಬಾಕಿಯನ್ನು ಇನ್ನೂ ಯಾರೂ ಬರೆದೇ ಇಲ್ಲ.

ಯಂತ್ರ ಬಂದರೆ ಹೊಸ ಕೆಲಸಗಳೂ ಹುಟ್ಟುತ್ತವೆ ಎನ್ನುತ್ತಾರೆ. ನಿಜ. ಆದರೆ ಆ ಹೊಸ ಕೆಲಸ ಹಳೆಯ ಕೆಲಸ ಕಳೆದುಕೊಂಡವರಿಗೇ ಸಿಗುತ್ತದೆ ಎಂಬ ಖಾತರಿ ಏನು? ರೋಬೊ ನಡೆಸಲು ಎಂಜಿನಿಯರಿಂಗ್ ಓದಿದವರನ್ನೇ ಕರೆದರೆ ಬಿ.ಎಸ್ಸಿ. ಮಾಡಿದ ಆಪಾ ಎಲ್ಲಿಗೆ ಹೋಗಬೇಕು? ನಮ್ಮ ಮನೆಗಳ ಅನೇಕ ಹುಡುಗಿಯರಿಗೆ ಮನೆಯವರು ಒಪ್ಪಿ ಬೇರೆ ಊರಿಗೆ ಕಳಿಸುವ ಕೆಲಸಗಳೇ ಕಡಿಮೆ. ಲ್ಯಾಬ್ ಕೆಲಸ ಅವುಗಳಲ್ಲಿ ಒಂದು. ಅದೂ ಹೋದರೆ ನಷ್ಟ ಒಬ್ಬರ ಸಂಬಳದ್ದು ಮಾತ್ರವಲ್ಲ. ಮುಂದಿನ ತಂಗಿಯನ್ನು ಕಳಿಸುವಾಗ ಅಬ್ಬಾ ಇನ್ನೊಂದು ಸಲ ಯೋಚಿಸುತ್ತಾರೆ.

ಹಾಗಾದರೆ ಏನು ಮಾಡಬೇಕು? ನನ್ನ ಅಭಿಪ್ರಾಯದಲ್ಲಿ ಮೂರು ಕೆಲಸಗಳು. ಒಂದು, ಯಾರ ಕೈ ನೋಡಿ ಯಂತ್ರಕ್ಕೆ ಕಲಿಸಿದರೋ ಅವರ ಹೆಸರನ್ನು ಆ ವಿಧಾನದ ದಾಖಲೆಯಲ್ಲಿ ಬರೆಯಬೇಕು. ಆ ಕಾಗದ ಹಿಡಿದು ಅವರು ಬೇರೆ ಕಡೆ ಕೆಲಸ ಕೇಳಬಹುದು. ಎರಡು, ಯಂತ್ರ ನಡೆಸುವ ತರಬೇತಿಯನ್ನು ಮೊದಲು ಅವರಿಗೇ ಕೊಡಬೇಕು, ಖರ್ಚನ್ನು ಯಂತ್ರದ ಬೆಲೆಯಲ್ಲೇ ಸೇರಿಸಬೇಕು. ಯಂತ್ರ ತರಿಸುವ ಸಾಗಣೆ ಖರ್ಚು, ಜೋಡಿಸುವ ಖರ್ಚು ಅದರ ಬೆಲೆಗೆ ಸೇರುತ್ತವೆ ಎಂದು ನಾವು ಓದಿದ್ದೇವೆ. ಕಲಿಸಿದವರ ಪಾಲೂ ಅಷ್ಟೇ ನ್ಯಾಯವಾದ ಖರ್ಚು. ಇದು ಇಂದಿನ ಲೆಕ್ಕಶಾಸ್ತ್ರದ ನಿಯಮವಲ್ಲ, ನನ್ನ ಬೇಡಿಕೆ. ಮೂರು, ಯಂತ್ರ ಉಳಿಸಿದ ಭಾನುವಾರ ಮನುಷ್ಯರಿಗೆ ಸಿಗಬೇಕು. ಯಂತ್ರ ದೊಡ್ಡ ಸ್ಥಿರ ವೆಚ್ಚ. ಅದು ಖಾಲಿ ನಿಂತರೆ ನಷ್ಟವೆಂದು ಕಂಪನಿ ತಟ್ಟೆಗಳ ಸಂಖ್ಯೆ ಹೆಚ್ಚಿಸುತ್ತಾ ಹೋದರೆ, ಅದನ್ನು ನೋಡಿಕೊಳ್ಳುವವರಿಗೆ ರಜೆ ಇನ್ನೂ ಕಡಿಮೆಯಾದೀತು.

ವಿಜ್ಞಾನ ವಿಭಾಗದ ಗೆಳತಿಯರೇ, ನಾಳೆ ನಿಮ್ಮಲ್ಲಿ ಕೆಲವರು ಇಂಥ ಲ್ಯಾಬ್‌ಗಳಿಗೆ ಹೋಗುತ್ತೀರಿ. ನಿಮ್ಮ ಕೈಯನ್ನು ಯಾರಾದರೂ ವಿಡಿಯೊ ಮಾಡಲು ಬಂದರೆ ಸಂತೋಷದಿಂದ ಕಲಿಸಿ, ಆದರೆ ನಿಮ್ಮ ಹೆಸರನ್ನೂ ಬರೆಸಿ. ವಾಣಿಜ್ಯ ವಿಭಾಗದವರೇ, ಅಂಥ ಕಂಪನಿಗಳ ಲೆಕ್ಕ ಬರೆಯುವವರು ನಾವು. ಯಂತ್ರದ ಬೆಲೆ ಬರೆಯುವ ದಿನ, ಅದಕ್ಕೆ ಕಲಿಸಿದವರು ಯಾರು ಎಂದು ಒಮ್ಮೆ ಕೇಳೋಣ.

ಆಪಾ ಅವರ ಒಪ್ಪಂದಕ್ಕೆ ಇನ್ನು ನಾಲ್ಕು ತಿಂಗಳಿದೆ. ಆ ಯಂತ್ರ ನಡೆಸುವುದನ್ನು ತನಗೂ ಕಲಿಸಿ ಎಂದು ಅವರು ಅರ್ಜಿ ಕೊಟ್ಟಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.