ಅಮೃತಬಳ್ಳಿ: ಹೆಸರೇ ಪ್ರಮಾಣವೆ?

ಚನ್ನಗಿರಿಯ ತೋಟದ ಬೇಲಿಯಿಂದ ಜಗಳೂರಿನ ಬಯಲಿನ ಬೇವಿನ ಮರದವರೆಗೆ ಅಮೃತಬಳ್ಳಿಯನ್ನು ಕಾಣದ ಊರು ವಿರಳ. ಜ್ವರ ಬಂದಾಗ ಅದರ ಕಾಂಡವನ್ನು ಜಜ್ಜಿ ಕಷಾಯ ಕಾಸಿ ಕುಡಿಸುತ್ತಿದ್ದ ಹಿರಿಯರನ್ನು ಹೊನ್ನಾಳಿ, ನ್ಯಾಮತಿಗಳ ಕಡೆಯ ನಮ್ಮ ಹಳೆಯ ವಿದ್ಯಾರ್ಥಿಗಳು ಮರೆತಿರಲಾರರು. ಅಮರಕೋಶವು ಈ ಬಳ್ಳಿಗೆ ಗುಡೂಚಿ, ಛಿನ್ನರುಹಾ, ಅಮೃತಾ ಮೊದಲಾದ ಹೆಸರುಗಳನ್ನು ಹೇಳುತ್ತದೆ. ಕಡಿದರೂ ಚಿಗುರುವುದರಿಂದ ಅದು ಛಿನ್ನರುಹೆ. ಇದು ಕಣ್ಣಿಗೆ ಕಾಣುವ ಸಂಗತಿ. ‘ಅಮೃತ’ ಎಂಬುದಾದರೋ ಪ್ರಶಂಸೆ. ಪ್ರಶಂಸೆಯು ಪ್ರಮಾಣವಾಗಲಾರದು.

ಈ ಮಾತನ್ನೆತ್ತಲು ಕಾರಣವುಂಟು. 2020ರಲ್ಲಿ ಕೊರೋನಾ ಮಹಾಮಾರಿ ಹಬ್ಬಿದಂದಿನಿಂದ, ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುವುವೆಂಬ ಚೂರ್ಣ, ಗುಳಿಗೆ, ರಸಗಳು ಮನೆಮನೆಯನ್ನೂ ಹೊಕ್ಕಿವೆ. ವಿದ್ಯಾರ್ಥಿನಿಲಯದ ಮಕ್ಕಳಿಗೂ ಅಮೃತಬಳ್ಳಿಯ ರಸವನ್ನು ನಿತ್ಯ ಕೊಡಿಸಬಾರದೇಕೆ ಎಂದು ಕೆಲವು ಸಹೃದಯ ದಾನಿಗಳು ಕೇಳುವುದುಂಟು. ಅವರ ವಾತ್ಸಲ್ಯಕ್ಕೆ ತಲೆಬಾಗಿ, ಈ ಸಲಹೆಯು ಯುಕ್ತವಲ್ಲವೆಂದು ನಿವೇದಿಸಬೇಕಾಗಿದೆ.

ಎರಡೂ ಪಕ್ಷಗಳನ್ನು ತೂಗಿ ನೋಡೋಣ. 2005ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಒಗ್ಗದಿಕೆಯಿಂದ ಸದಾ ನೆಗಡಿ, ಸೀನುಗಳಿಂದ ನರಳುತ್ತಿದ್ದ 75 ಮಂದಿಯನ್ನು ವಿಂಗಡಿಸಿ, ಕೆಲವರಿಗೆ ಅಮೃತಬಳ್ಳಿಯ ಸಾರವನ್ನೂ ಉಳಿದವರಿಗೆ ಔಷಧಗುಣವಿಲ್ಲದ ಹುಸಿಗುಳಿಗೆಯನ್ನೂ 8 ವಾರ ಕೊಡಲಾಯಿತು. ಸಾರವನ್ನು ಸೇವಿಸಿದವರಿಗೆ ಹೆಚ್ಚಿನ ಉಪಶಮನ ದೊರೆಯಿತು. ಇದು ಆದರಣೀಯವಾದ ಸಾಕ್ಷ್ಯವೇ ಸರಿ. ಆದರೆ ಸೀನು ತಗ್ಗಿದುದರಿಂದ, ಆರೋಗ್ಯವಂತ ಬಾಲಕನಿಗೆ ಸೋಂಕು ತಗಲದೆಂದು ಸಿದ್ಧವಾಗುವುದಿಲ್ಲ.

ಇನ್ನು ಪ್ರತಿಪಕ್ಷ. 2021ರಲ್ಲಿ ಮುಂಬಯಿಯ ವೈದ್ಯರು ಅಮೃತಬಳ್ಳಿಯನ್ನು ಸೇವಿಸಿದ್ದ 6 ಮಂದಿಯ ಯಕೃತ್ತಿಗೆ ಹಾನಿಯಾದುದನ್ನು ವರದಿ ಮಾಡಿದರು. ಸೇವಿಸಿದ ವಸ್ತುವನ್ನು ಅವರು ಪರೀಕ್ಷಿಸಿಲ್ಲ, ಅದು ಅದೇ ಕುಲದ ಬೇರೊಂದು ಬಳ್ಳಿಯಾಗಿರಬಹುದು ಎಂದು ಆಯುಷ್ ಸಚಿವಾಲಯವು ಆಕ್ಷೇಪಿಸಿತು. ಆಕ್ಷೇಪಣೆ ನ್ಯಾಯವಾದುದೇ. ಆದರೆ 2022ರಲ್ಲಿ ದೇಶದ 13 ಕೇಂದ್ರಗಳ ತಜ್ಞರು ಇಂತಹ 43 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಅವರಲ್ಲಿ ಬಹುಮಂದಿಗೆ, ದೇಹದ ರಕ್ಷಣಾಶಕ್ತಿಯೇ ಸ್ವಂತ ಯಕೃತ್ತಿನ ಮೇಲೆ ತಿರುಗಿಬಿದ್ದ ಲಕ್ಷಣವಿದ್ದಿತು. ಸೇವಿಸಿದ ಅಪಾರ ಜನರಲ್ಲಿ 43 ಅಲ್ಪಸಂಖ್ಯೆಯೆನ್ನಬಹುದು. ಅಪಾಯ ಎಷ್ಟು ಮಂದಿಗೊಬ್ಬರಿಗೆಂದು ಇದರಿಂದ ತಿಳಿಯದು. ಆದರೆ ‘ಗಿಡಮೂಲಿಕೆ, ಆದಕಾರಣ ನಿರಪಾಯ’ ಎಂಬ ಅನುಮಾನವು ಇಲ್ಲಿಗೆ ಮುರಿದುಬಿದ್ದಿತು. ರೋಗನಿರೋಧಕ ಶಕ್ತಿಯು ದೀಪದ ಬತ್ತಿಯಲ್ಲ, ಏರಿಸಿದಷ್ಟೂ ಬೆಳಕಾಗಲು.

ಇದು ನಮ್ಮ ಪರಂಪರೆಗೆ ಮಾಡಿದ ಅಪಚಾರವೆಂದು ಯಾರೂ ಭಾವಿಸಬಾರದು. ಹದಿನಾಲ್ಕನೆಯ ಶತಮಾನದ ಮಂಗರಾಜನು ‘ಖಗೇಂದ್ರಮಣಿದರ್ಪಣ’ವೆಂಬ ವಿಷವೈದ್ಯ ಗ್ರಂಥವನ್ನು ಕನ್ನಡದಲ್ಲಿಯೇ ರಚಿಸಿದನು. ಮಣ್ಣಿನಲ್ಲಿ ಹುಟ್ಟಿದುದೆಲ್ಲ ಹಿತವೆಂದು ನಮ್ಮ ಪೂರ್ವಿಕರು ಎಂದೂ ಬಗೆಯಲಿಲ್ಲ. ರೋಗಿಯನ್ನೂ ಕಾಲವನ್ನೂ ಪ್ರಮಾಣವನ್ನೂ ನೋಡಿ ಔಷಧ ಕೊಡುವುದು ಆಯುರ್ವೇದದ ಕ್ರಮ. ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಂದೇ ಲೋಟದಲ್ಲಿ ಅಳೆದು ಹೊಯ್ಯುವುದು ಅದರ ಕ್ರಮವಲ್ಲ.

ಆದಕಾರಣ ನನ್ನ ಅರಿಕೆ ಇಷ್ಟು. ಬಳ್ಳಿಯು ಶಾಲೆಯ ತೋಟದಲ್ಲಿ ಹಬ್ಬಲಿ, ಮಕ್ಕಳು ಅದರ ಗುರುತನ್ನು ಕಲಿಯಲಿ. ಔಷಧವಾಗಿ ಅದು ವೈದ್ಯರ ಮಾತಿನ ಮೇರೆಗೆ ಮಾತ್ರ ಬರಲಿ. ದಾನಿಗಳ ದ್ರವ್ಯವು ಪ್ರಸಾದದ ಪಂಕ್ತಿಯಲ್ಲಿ ರಾಗಿಯಾಗಿ, ಬೇಳೆಯಾಗಿ, ಹಾಲಾಗಿ, ಶುದ್ಧವಾದ ಕುಡಿಯುವ ನೀರಾಗಿ ಮಕ್ಕಳನ್ನು ಸೇರಲಿ. ಇವುಗಳ ಗುಣಕ್ಕೆ ಹೊಸ ಸಾಕ್ಷಿ ಬೇಕಾಗಿಲ್ಲ.