ಇದ್ರಾಗೆ ಒಳ್ಳೇದು ಏನೂ ಇಲ್ವಾ?

ಕಳೆದ ತಿಂಗಳು ಎರಡು ದಿನದ ರಜೆ ಸಿಕ್ಕಿತೆಂದು ಹಾಸ್ಟೆಲ್‌ನಿಂದ ಊರಿಗೆ ಹೋಗಿದ್ದೆ. ಊರು ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆ. ಬ್ಯಾಗ್ ಇಳಿಸುವ ಮೊದಲೇ ಏಳನೇ ತರಗತಿಯ ತಂಗಿ ಅಮ್ಮನ ಮೊಬೈಲ್ ಹಿಡಿದು ಬಂದಳು. ಶಾಲೆಯಲ್ಲಿ ‘ನಮ್ಮ ತಾಲ್ಲೂಕಿನ ಜಲಮೂಲ’ ಅಂತ ಪ್ರಾಜೆಕ್ಟ್ ಕೊಟ್ಟಿದ್ದರಂತೆ. ನಮ್ಮ ತಾಲ್ಲೂಕಿನಲ್ಲಿ ಜಲಮೂಲ ಅಂದರೆ ಸೂಳೆಕೆರೆ. ಮಗು ಪಡಸಾಲೆಯಲ್ಲೇ ಕೂತು ಕನ್ನಡದಲ್ಲಿ ಟೈಪ್ ಮಾಡತೊಡಗಿತು. ಹೆಸರಿನ ಮೊದಲರ್ಧ ಮುಗಿದಿತ್ತು, ‘ಕೆರೆ’ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲೇ ಕೆಳಗೆ ಸಾಲುಸಾಲಾಗಿ ಏನೇನೋ ಸಲಹೆಗಳು ಉದುರಿದವು. ಕೈ ತಪ್ಪಿ ಅದರಲ್ಲಿ ಒಂದನ್ನು ಒತ್ತಿದಳು. ಬಂದ ಚಿತ್ರಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಹಿಂದೆ ನಿಂತಿದ್ದ ಅಮ್ಮ ಮೊಬೈಲ್ ಕಿತ್ತುಕೊಂಡು ತಂಗಿಯ ಬೆನ್ನಿಗೆ ಒಂದು ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: “ಇದ್ರಾಗೆ ಒಳ್ಳೇದು ಏನೂ ಇಲ್ವಾ? ಕಂಪ್ಯೂಟರ್ ಓದ್ತೀಯಲ್ಲ, ನೀನೇ ಹೇಳು.”

ಬಿ.ಇ. ಐದನೇ ಸೆಮಿಸ್ಟರ್ ವಿದ್ಯಾರ್ಥಿಯಾದ ನನಗೆ ಆ ಕ್ಷಣ ಮನೆಮಂದಿಯೆಲ್ಲ ಕೂತು ನೋಡಬಹುದಾದ ಒಂದು ಜಾಲತಾಣದ ಹೆಸರೂ ಬಾಯಿಗೆ ಬರಲಿಲ್ಲ. ದಿನಕ್ಕೆ ನಾಲ್ಕೈದು ಗಂಟೆ ನಾನು ಇಂಟರ್‌ನೆಟ್‌ನಲ್ಲೇ ಇರುವವನು. ತಂಗಿ ಅಳುತ್ತಿದ್ದಳು. ಅವಳು ಮಾಡಿದ ತಪ್ಪಾದರೂ ಏನು, ತನ್ನ ತಾಲ್ಲೂಕಿನ ಕೆರೆಯ ಹೆಸರನ್ನು ಸರಿಯಾಗಿ ಬರೆದದ್ದು!

ಈ ಕೆರೆಯ ಬಗ್ಗೆ ಹೊರಗಿನವರಿಗಾಗಿ ಎರಡು ಮಾತು. ಸರ್ಕಾರಿ ಫಲಕದಲ್ಲಿ ಇದು ಶಾಂತಿಸಾಗರ. 6,000 ಎಕರೆಗೂ ಮೀರಿದ ನೀರಿನ ಹರವು. ಎರಡು ಗುಡ್ಡಗಳ ನಡುವಿನ ಕಣಿವೆಗೆ ಅಡ್ಡಲಾಗಿ ಏರಿ ಕಟ್ಟಿದ್ದಾರೆ. ಸಿದ್ದನ ತೂಬು, ಬಸವನ ತೂಬು ಎಂದು ಎರಡು ತೂಬುಗಳು. ಬೆಂಗಳೂರಿನ ಸ್ಯಾಂಕಿ ಕೆರೆಗೆ ಯಾರ ಹೆಸರಿದೆಯೋ ಆ ಬ್ರಿಟಿಷ್ ಎಂಜಿನಿಯರ್ ಸ್ಯಾಂಕಿಯೇ ಈ ಏರಿಯ ಕೌಶಲ ಕಂಡು ಬೆರಗಾಗಿದ್ದ ಎನ್ನುತ್ತಾರೆ. ಕೆರೆ ಕಟ್ಟಿಸಿದವಳು ಶಾಂತವ್ವ ಎಂದು ಜನರ ಕಥೆ. ಜಾಗ ಬಿಟ್ಟುಕೊಟ್ಟ ಸೂಳೆಯರು ಬೇರೇನೂ ಕೇಳದೆ, ಕೆರೆಗೆ ತಮ್ಮ ಹೆಸರು ಉಳಿಯಬೇಕು ಎಂದಷ್ಟೇ ಕೇಳಿದರಂತೆ. ಹಾಗೆ ನೂರಾರು ವರ್ಷ ಜನರ ಬಾಯಲ್ಲಿ ಉಳಿದು ಬಂದ ಹೆಸರು ಈಗ ನಮ್ಮ ಪಡಸಾಲೆಯಲ್ಲಿ ಒಂದು ಮಗುವಿಗೆ ಏಟು ತಿನ್ನಿಸಿತು.

ಈ ಪೇಚು ನಮ್ಮ ಊರಿಗೆ ಮಾತ್ರ ಬಂದದ್ದಲ್ಲ. ಇಂಗ್ಲೆಂಡಿನಲ್ಲಿ ಸ್ಕಂಥಾರ್ಪ್ ಎಂಬ ಊರಿದೆ. ಅದರ ಸ್ಪೆಲ್ಲಿಂಗ್‌ನ ಮಧ್ಯೆ ಇಂಗ್ಲಿಷಿನ ಒಂದು ಬೈಗುಳದ ನಾಲ್ಕು ಅಕ್ಷರಗಳು ಅಡಗಿವೆ. 1996ರಲ್ಲಿ ಅಮೆರಿಕ ಆನ್‌ಲೈನ್ ಕಂಪನಿಯ ಸೋಸುವ ತಂತ್ರಾಂಶ ಆ ಊರಿನವರಿಗೆ ಖಾತೆ ತೆರೆಯಲೇ ಬಿಡಲಿಲ್ಲ. ಊರಿನ ಹೆಸರು ಬರೆದರೆ ಸಾಕು, ಅಸಭ್ಯ ಪದ ಎಂದು ತಳ್ಳಿಬಿಡುತ್ತಿತ್ತು. ಇವತ್ತಿಗೂ ಕಂಪ್ಯೂಟರ್ ಓದುವವರು ಇಂಥ ಎಡವಟ್ಟನ್ನು ‘ಸ್ಕಂಥಾರ್ಪ್ ಸಮಸ್ಯೆ’ ಎಂದೇ ಕರೆಯುತ್ತಾರೆ. ಅಲ್ಲಿ ಯಂತ್ರ ಒಳ್ಳೆಯ ಊರನ್ನು ಕೆಟ್ಟದ್ದು ಎಂದುಕೊಂಡಿತು, ನಮ್ಮಲ್ಲಿ ಒಳ್ಳೆಯ ಕೆರೆಯನ್ನು ಹುಡುಕಿದ ಮಗುವಿಗೆ ಕೆಟ್ಟದ್ದನ್ನು ತಂದುಕೊಟ್ಟಿತು. ಯಂತ್ರಕ್ಕೆ ಅಕ್ಷರ ಗೊತ್ತು, ಊರು ಗೊತ್ತಿಲ್ಲ.

ಆ ರಾತ್ರಿ ನನಗೆ ಗೊತ್ತಿದ್ದ ಮದ್ದೆಲ್ಲ ಮಾಡಿದೆ. ಗೂಗಲ್‌ನ ಸೇಫ್‌ಸರ್ಚ್ ಹಾಕಿದೆ. ಯೂಟ್ಯೂಬ್‌ನಲ್ಲಿ ರಿಸ್ಟ್ರಿಕ್ಟೆಡ್ ಮೋಡ್ ಹಾಕಿದೆ. ಕ್ಲೌಡ್‌ಫ್ಲೇರ್ ಕಂಪನಿ 2020ರ ಏಪ್ರಿಲ್‌ನಿಂದ ಮನೆಗಳಿಗಾಗಿ ಒಂದು ಡಿಎನ್‌ಎಸ್ ಸೇವೆಯನ್ನು ಉಚಿತವಾಗಿ ಕೊಡುತ್ತಿದೆ, ಅದರ ಸಂಖ್ಯೆ 1.1.1.3. ಜಾಲತಾಣದ ಹೆಸರನ್ನು ವಿಳಾಸವಾಗಿ ಬದಲಾಯಿಸುವ ಹಂತದಲ್ಲೇ ಅದು ಅಶ್ಲೀಲ ತಾಣಗಳನ್ನೂ ವೈರಸ್ ಹರಡುವ ತಾಣಗಳನ್ನೂ ತಡೆಯುತ್ತದೆ. ಮೊಬೈಲ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ಡಿಎನ್‌ಎಸ್ ಎಂಬಲ್ಲಿ ಸಂಖ್ಯೆಯ ಬದಲು ಈ ಸೇವೆಯ ಹೋಸ್ಟ್‌ನೇಮ್ ಕೂಡಿಸಲು ಐದು ನಿಮಿಷವೂ ಬೇಡ. ಮನೆಯಲ್ಲಿ ಮಕ್ಕಳಿರುವವರು ಇವತ್ತೇ ಮಾಡಿಕೊಳ್ಳಿ. ಕೊಳಕು ಬರುವುದು ಬಹಳಷ್ಟು ಕಡಿಮೆಯಾಯಿತು. ಆದರೆ ತಂಗಿಯ ಪ್ರಾಜೆಕ್ಟಿಗೆ ಬೇಕಾದ್ದು ಮಾತ್ರ ಬರಲಿಲ್ಲ. ಪ್ರವಾಸದ ರೀಲ್ಸ್, ಅದದೇ ನಾಲ್ಕು ಸಾಲು ಕಾಪಿ ಹೊಡೆದ ಪುಟಗಳು, ನಡುವೆ ರಮ್ಮಿ ಆಟದ ಜಾಹೀರಾತು. ಜರಡಿ ಕಸ ಹಿಡಿಯುತ್ತದೆ, ಅಕ್ಕಿಯನ್ನು ನಾವೇ ತರಬೇಕು.

ಮರುದಿನ ಬೆಳಿಗ್ಗೆ ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹುಡುಕಲು ಶುರು ಮಾಡಿದೆ. ಇಂಟರ್‌ನೆಟ್ ಆರ್ಕೈವ್ ಎಂಬ ತಾಣದಲ್ಲಿ ಹಳೆಯ ಪುಸ್ತಕಗಳನ್ನು ಪುಟಪುಟ ಸ್ಕ್ಯಾನ್ ಮಾಡಿ ಇಟ್ಟಿದ್ದಾರೆ ಎಂದು ನಮ್ಮ ಸೀನಿಯರ್ ಒಬ್ಬರು ಯಾವಾಗಲೋ ಹೇಳಿದ್ದರು. ದಾವಣಗೆರೆ ಅಂತ ಹುಡುಕಿದರೆ ಏನೂ ಸಿಗಲಿಲ್ಲ. ತಲೆ ಕೆರೆದುಕೊಳ್ಳುತ್ತಿದ್ದಾಗ ಹಿಂದೆ ಕೂತಿದ್ದ ಅಪ್ಪಾಜಿ, “ನಾವು ಮೊದಲು ಶಿವಮೊಗ್ಗ ಜಿಲ್ಲೇಲಿ ಇದ್ವಲ್ಲೋ” ಅಂದರು. ಹೌದಲ್ಲ! ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ಆಗಿನ್ನೂ ನಾನು ಹುಟ್ಟೇ ಇರಲಿಲ್ಲ. ಶಿವಮೊಗ್ಗ ಎಂದು ಹುಡುಕಿದಾಗ ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೇ ಸಂಪುಟ ತೆರೆದುಕೊಂಡಿತು. 1902ರ ಪುಸ್ತಕ. ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳು, ಕನ್ನಡ ಲಿಪಿಯಲ್ಲೇ. ಚನ್ನಗಿರಿ ಎಂಬ ಅಕ್ಷರ ಕಂಡಾಗ ತಂಗಿ ಕುಣಿದಳು. ಹಳಗನ್ನಡ ಇಬ್ಬರಿಗೂ ಪೂರ್ತಿ ಅರ್ಥವಾಗಲಿಲ್ಲ, ನಿಜ. ಆದರೂ ಓದಿಗೆ ಸಿಕ್ಕ ಪದಗಳನ್ನು ಒಂದೊಂದಾಗಿ ಹಿಡಿದು ಕೂತೆವು. ಅಮ್ಮ ಮೂರು ಸಲ ತಿಂಡಿಗೆ ಕರೆದರು.

ಅರ್ಥ ಹುಡುಕಲು ‘ಅಲರ್’ ನಿಘಂಟು ತೆರೆದೆ. ವಿ. ಕೃಷ್ಣ ಎಂಬುವರು ನಾಲ್ಕು ದಶಕ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ಅದು. 1.5 ಲಕ್ಷಕ್ಕೂ ಹೆಚ್ಚು ಕನ್ನಡ ಪದಗಳು. 2019ರಿಂದ ಇಂಟರ್‌ನೆಟ್‌ನಲ್ಲಿ ಯಾರು ಬೇಕಾದರೂ ದುಡ್ಡು ಕೊಡದೆ ಬಳಸುವಂತೆ, ಮುಕ್ತ ಪರವಾನಗಿಯಲ್ಲಿ ಸಿಗುತ್ತಿದೆ. ಜಾಹೀರಾತಿನ ಕಾಟ ಇಲ್ಲ, ಲಾಗಿನ್ ಕೇಳುವುದಿಲ್ಲ. ನಾಲ್ಕು ತಿಂಗಳ ಮಿನಿ ಪ್ರಾಜೆಕ್ಟಿಗೇ ಏದುಸಿರು ಬಿಡುವ ನಾವು ನಾಲ್ಕು ದಶಕ ಎಂಬುದನ್ನು ಒಂದು ಸಲ ನಿಧಾನವಾಗಿ ಯೋಚಿಸಬೇಕು. ಅಪ್ಪಾಜಿಗೂ ಇದು ಹಿಡಿಸಿತು. ‘ತೂಬು’ ಇದೆಯಾ ನೋಡು, ‘ಏರಿ’ ಇದೆಯಾ ನೋಡು ಎಂದು ಪರೀಕ್ಷೆ ಮಾಡುತ್ತಾ ಕೂತರು.

ಇಷ್ಟು ಒಳ್ಳೆಯದು ಇದ್ದೂ ಮೊದಲ ದಿನ ಯಾಕೆ ಸಿಗಲಿಲ್ಲ? ಇದಕ್ಕೆ ಒಂದು ತಾಂತ್ರಿಕ ಕಾರಣವಿದೆ. ಸ್ಕ್ಯಾನ್ ಮಾಡಿದ ಪುಟ ಕಂಪ್ಯೂಟರ್‌ಗೆ ಬರೀ ಫೋಟೊ. ಅದರೊಳಗಿನ ಕನ್ನಡ ಅಕ್ಷರ ಅದಕ್ಕೆ ಓದಲು ಬಾರದಿದ್ದರೆ ಹುಡುಕಾಟದಲ್ಲಿ ಬರುವುದೂ ಇಲ್ಲ. ಇನ್ನೊಂದು, ನಮ್ಮ ಕಚೇರಿಗಳಲ್ಲಿ ವರ್ಷಗಟ್ಟಲೆ ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳು. ಪರದೆಯ ಮೇಲೆ ಅವು ಕನ್ನಡವಾಗಿ ಕಂಡರೂ ಒಳಗೆ ಇಂಗ್ಲಿಷ್ ಅಕ್ಷರಗಳ ರಾಶಿ. ಯೂನಿಕೋಡ್‌ನಲ್ಲಿ ಬರೆದ ‘ಕೆರೆ’ ಮಾತ್ರ ಯಂತ್ರಕ್ಕೂ ಕೆರೆಯೇ. ಹಾಗಾಗಿ ಅರ್ಧ ಗಂಟೆಯಲ್ಲಿ ತಯಾರಾದ ಚಿಲ್ಲರೆ ಪುಟ ಮೇಲೆ ತೇಲುತ್ತದೆ, ಇಲಾಖೆಯೊಂದು ಕಷ್ಟಪಟ್ಟು ಮಾಡಿದ ಕೈಪಿಡಿ ತಳದಲ್ಲಿ ಕೂತಿರುತ್ತದೆ. ನಮ್ಮೂರಿನಲ್ಲೇ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದ ಸಂಶೋಧನಾ ಕೇಂದ್ರವಿದೆ. ಭತ್ತದ ಬಗ್ಗೆ ಏನಾದರೂ ಕೇಳಬೇಕೆಂದರೆ ರೈತರು ಈಗಲೂ ನಡೆದುಕೊಂಡೇ ಹೋಗಿ ಕೇಳುತ್ತಾರೆ, ಅದು ಅವರ ಪುಣ್ಯ. ಅಂಥ ಕೇಂದ್ರ ಹತ್ತಿರ ಇಲ್ಲದ ಊರಿನವರ ಪಾಡೇನು? ಸಾರ್ವಜನಿಕರಿಗೆಂದು ಪ್ರಕಟಿಸುವ ಯಾವ ಕಡತವನ್ನೂ ಯೂನಿಕೋಡ್ ಪಠ್ಯವಾಗಿ ಹಾಕದೆ ಜಾಲತಾಣಕ್ಕೆ ಏರಿಸಬಾರದು ಎಂದು ಇಲಾಖೆಗಳು ಪಟ್ಟು ಹಿಡಿಯಬೇಕು. ಇದಕ್ಕೆ ಹೊಸ ಯೋಜನೆ ಬೇಡ, ಉದ್ಘಾಟನೆಯೂ ಬೇಡ.

ಅಪ್ಪಾಜಿಯದು ಇನ್ನೊಂದು ಕಥೆ. ಸಂಘದ ಸಾಲಕ್ಕೆ ಪಹಣಿ ಬೇಕಾಗಿತ್ತು. ಮೊಬೈಲ್‌ನಲ್ಲಿ ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬಂದ ತಾಣವನ್ನೇ ಸರ್ಕಾರದ್ದು ಅಂದುಕೊಂಡು 300 ರೂಪಾಯಿ ಕಟ್ಟಿದ್ದರು. ಅದು ಜಾಹೀರಾತು ಕೊಟ್ಟು ಮೇಲೆ ಬಂದ ಯಾವುದೋ ಖಾಸಗಿ ತಾಣ. 2000ದ ಸುಮಾರಿಗೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರ್‌ಗೆ ಏರಿಸಿದ ‘ಭೂಮಿ’ ನಮ್ಮದೇ ಕಂದಾಯ ಇಲಾಖೆಯದು. ಅದರ ತಾಣದಲ್ಲಿ ಪಹಣಿಯನ್ನು ತೆರೆದು ನೋಡಲು ಬಿಡಿಗಾಸು ಕೊಡಬೇಕಿಲ್ಲ. ದುಡ್ಡು ಹೋದದ್ದನ್ನು ಅಪ್ಪಾಜಿ ಆರು ತಿಂಗಳು ಯಾರಿಗೂ ಹೇಳಿರಲಿಲ್ಲ, ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ, ನಗುತ್ತಾನೆ ಅಂತ. ಆ ಮಾತು ನನಗೆ ಚುಚ್ಚಿತು. ನಾನೇನೂ ಕೇಳಿರಲೂ ಇಲ್ಲವಲ್ಲ.

ಅವತ್ತು ಅವರಿಗೆ ವಿಳಾಸ ಓದುವುದನ್ನು ಹೇಳಿಕೊಟ್ಟೆ. ಕೆಲಸ ಹುಡುಕುತ್ತಿರುವ ಗೆಳೆಯರೂ ಇದನ್ನು ಗಮನಿಸಿ. ಜಾಲತಾಣದ ವಿಳಾಸದಲ್ಲಿ ಮೊದಲ ಓರೆಗೆರೆಯವರೆಗಿನ ಭಾಗವನ್ನು ಬಲದಿಂದ ಎಡಕ್ಕೆ ಓದಬೇಕು. ಅದರ ಬಾಲದಲ್ಲಿ ‘ಗವ್ ಡಾಟ್ ಇನ್’ ಇದ್ದರೆ ಅದು ಸರ್ಕಾರಕ್ಕೆ ಮಾತ್ರ ಕೊಡುವ ಹೆಸರು. ಮುಂದೆ ಎಲ್ಲೋ ‘ಕರ್ನಾಟಕ’, ‘ಗವ್’ ಎಂದೆಲ್ಲ ಇದ್ದು ಬಾಲದಲ್ಲಿ ಬೇರೇನೋ ಇದ್ದರೆ ಅದು ಮುಖವಾಡ. ಸಿಬ್ಬಂದಿ ನೇಮಕಾತಿ ಆಯೋಗವೇ, ಅಂದರೆ ಎಸ್‌ಎಸ್‌ಸಿ, 2024ರ ಫೆಬ್ರುವರಿಯಲ್ಲಿ ‘ನಿಕ್ ಡಾಟ್ ಇನ್’ ಬಾಲದ ಹಳೆಯ ವಿಳಾಸದಿಂದ ‘ಗವ್ ಡಾಟ್ ಇನ್’ ಬಾಲದ ಹೊಸ ವಿಳಾಸಕ್ಕೆ ಹೋಯಿತು. ಅದೇ ವರ್ಷದಿಂದ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆ ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಯುತ್ತಿದೆ. ನಮ್ಮ ಹುಡುಗರಿಗೆ ಇದು ಎಷ್ಟು ದೊಡ್ಡ ಬಾಗಿಲು! ಆದರೆ ನಮ್ಮೂರಿನ ಗೆಳೆಯನೊಬ್ಬನಿಗೆ ಇದು ಗೊತ್ತಾದದ್ದು ವಾಟ್ಸ್‌ಆ್ಯಪ್‌ನಲ್ಲಿ ಬಂದ ನಕಲಿ ಅರ್ಜಿಯ ಲಿಂಕ್ ಮೂಲಕ. ಪುಣ್ಯಕ್ಕೆ ಒಟಿಪಿ ಕೊಡುವ ಮೊದಲು ಫೋನ್ ಮಾಡಿದ. ಅಕಸ್ಮಾತ್ ದುಡ್ಡು ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ನಾಚಿಕೊಂಡು ಕೂರಬೇಡಿ.

ಉಳಿದ ಅರ್ಧ ದಿನ ಮಜವಾಗಿ ಕಳೆಯಿತು. ಪ್ರಥಮ್ ಬುಕ್ಸ್‌ನವರ ‘ಸ್ಟೋರಿವೀವರ್’ನಲ್ಲಿ ಕನ್ನಡದ ಚಿತ್ರಕಥೆಗಳನ್ನು ತಂಗಿ ಅಜ್ಜಿಗೆ ಓದಿ ಹೇಳಿದಳು. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ‘ಫೆಟ್’ ತಾಣದಲ್ಲಿ ವೈರು, ಬ್ಯಾಟರಿ, ಬಲ್ಬು ಜೋಡಿಸುವ ಆಟವಿದೆ. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರುಮಾಡಿದ್ದು, ಕೆಲವು ಆಟಗಳು ಕನ್ನಡದಲ್ಲೂ ಇವೆ. ಬಲ್ಬು ಹತ್ತಿಸುವುದರಲ್ಲಿ ತಂಗಿ ನನಗಿಂತ ಚುರುಕು ಎಂಬುದು ಮನೆಯವರಿಗೆಲ್ಲ ಗೊತ್ತಾಯಿತು. ಅಪ್ಪಾಜಿ ಕೃಷಿ ಮಾರಾಟ ವಾಹಿನಿಯಲ್ಲಿ ರಾಶಿ ಅಡಿಕೆಯ ಧಾರಣೆ ನೋಡುವುದು ಕಲಿತರು. ವ್ಯಾಪಾರಿ ಫೋನ್‌ನಲ್ಲಿ ಹೇಳಿದ್ದಕ್ಕೂ ಇದಕ್ಕೂ ತಾಳೆ ಹಾಕಿ “ಹ್ಞೂಂ” ಅಂದರು, ಅಷ್ಟೇ. ಅಮ್ಮನಿಗೆ ‘ವಚನ ಸಂಚಯ’ ತೋರಿಸಿದೆ. ಯಾವುದಾದರೂ ಒಂದು ಪದ ಕೊಟ್ಟರೆ ಅದು ಯಾವ ಯಾವ ವಚನದಲ್ಲಿ ಬಂದಿದೆ ಎಂದು ಹುಡುಕಿಕೊಡುತ್ತದೆ. ಅಮ್ಮ ಮೊದಲು ಕೊಟ್ಟ ಪದ ‘ಕೆರೆ’.

ನಮ್ಮಂಥ ಸಾವಿರಾರು ಹುಡುಗ ಹುಡುಗಿಯರು ವಾರಾಂತ್ಯಕ್ಕೆ ಊರಿಗೆ ಹೋಗುತ್ತೇವೆ. ಬಟ್ಟೆ ಒಗೆಸಿಕೊಂಡು, ರೊಟ್ಟಿ ಚಟ್ನಿಪುಡಿ ಕಟ್ಟಿಸಿಕೊಂಡು ಬರುತ್ತೇವೆ. ಮನೆಯ ಮೊಬೈಲ್ ಕೆಟ್ಟರೆ ಸರಿಮಾಡುತ್ತೇವೆ, ಅದರಲ್ಲಿ ಅವರು ಏನು ನೋಡುತ್ತಿದ್ದಾರೆ ಎಂದು ಕೇಳುವುದಿಲ್ಲ. ಮಕ್ಕಳ ಕೈಗೆ ಮೊಬೈಲ್ ಕೊಡಬೇಡಿ ಎಂದು ಭಾಷಣ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಪ್ರಾಜೆಕ್ಟನ್ನು ಶಾಲೆಯೇ ಕೊಡುವಾಗ ಆ ಮಾತಿಗೆ ಬೆಲೆ ಇಲ್ಲ. ಶಿಕ್ಷಕರು ಪ್ರಾಜೆಕ್ಟ್ ಕೊಡುವಾಗ ಎಲ್ಲಿ ನೋಡಬೇಕು ಎಂದು ತಾವೇ ನೋಡಿದ ಎರಡು ವಿಳಾಸಗಳನ್ನು ಡೈರಿಯಲ್ಲಿ ಬರೆಸಲಿ. ಮನೆಯಲ್ಲಿ ಆ ಕೆಲಸ ನಮ್ಮದು. ನಾನು ಅಮ್ಮನ ಮೊಬೈಲ್‌ನ ಮುಖಪುಟದಲ್ಲಿ ಏಳು ತಾಣಗಳ ಗುರುತು ಇಟ್ಟು ಬಂದಿದ್ದೇನೆ. ಪ್ರತಿ ಸಲ ಹೋದಾಗ ಯಾವುದು ಉಪಯೋಗಕ್ಕೆ ಬಂತು ಎಂದು ಕೇಳಿ, ಬರದಿದ್ದನ್ನು ತೆಗೆಯುವುದು ಎಂದು ಒಪ್ಪಂದ. ಮೊನ್ನೆ ಎರಡನ್ನು ತೆಗೆದೆವು.

ತಂಗಿಯ ಪ್ರಾಜೆಕ್ಟ್ ಮುಗಿದಿದೆ. ಮೇಲೆ ದಪ್ಪ ಅಕ್ಷರದಲ್ಲಿ ‘ಸೂಳೆಕೆರೆ’ ಎಂದೇ ಬರೆದಿದ್ದಾಳೆ, ಆವರಣದಲ್ಲಿ ಶಾಂತಿಸಾಗರ. ಅದನ್ನು ಗಟ್ಟಿಯಾಗಿ ಓದಿದಾಗ ಅಜ್ಜಿ ಎಲೆಅಡಿಕೆ ಜಗಿಯುವುದು ನಿಲ್ಲಿಸಿ, “ಹಂಗಲ್ಲ ಅದು, ಶಾಂತವ್ವಂದು ಬೇರೇನೇ ಐತೆ” ಎಂದು ತಮ್ಮ ತವರಿನಲ್ಲಿ ಹೇಳುತ್ತಿದ್ದ ಕಥೆ ಶುರು ಮಾಡಿದರು. ತಂಗಿ ಅದನ್ನು ಮೊಬೈಲ್‌ನಲ್ಲಿ ಇಪ್ಪತ್ತೆರಡು ನಿಮಿಷ ರೆಕಾರ್ಡ್ ಮಾಡಿಕೊಂಡಿದ್ದಾಳೆ. ಕನ್ನಡ ವಿಕಿಪೀಡಿಯ 2003ರಿಂದ ಇದೆ, ಯಾರು ಬೇಕಾದರೂ ಬರೆಯಬಹುದು, ಆದರೆ ಪುಸ್ತಕದ ಆಧಾರ ಕೇಳುತ್ತಾರೆ ಎಂದು ಹೇಳಿದೆ. “ಅಜ್ಜಿ ಹೇಳಿದ್ದು ಆಧಾರ ಅಲ್ವಾ ಅಣ್ಣ?” ಎಂದು ಕೇಳಿದಳು. ಮುಂದಿನ ವಾರ ಊರಿಗೆ ಹೋದಾಗ ಅವಳಿಗೆ ಏನಾದರೂ ಒಂದು ಉತ್ತರ ಹೇಳಬೇಕು.